ಪ್ಲಸ್ ಟು ಮುಗಿಸಿ ಗೇಮ್ ಡೆವಲಪ್‌ಮೆಂಟ್ ಓದಬೇಕೆಂದಿರುವ ಕಾಸರಗೋಡಿನ ವಿದ್ಯಾರ್ಥಿಗಳಿಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ವಿದ್ಯಾರ್ಥಿಗಳು ಪ್ರತಿ ವರ್ಷ ಫಲಿತಾಂಶದ ಹೊತ್ತಿಗೆ ಕೇಳುವ ಪ್ರಶ್ನೆ ಒಂದೇ: ಕಂಪ್ಯೂಟರ್ ಗೇಮ್ ಮಾಡುವುದನ್ನು ಕಾಲೇಜಿನಲ್ಲಿ ಕಲಿಯಬೇಕು, ಯಾವ ಕೋರ್ಸಿಗೆ ಸೇರಬೇಕು? ಹೆತ್ತವರು ಕೇಳುವುದು ಬೇರೆ: ಅದನ್ನು ಓದಿದರೆ ಕೆಲಸ ಸಿಗುತ್ತದಾ? ಎರಡಕ್ಕೂ ಉತ್ತರ ಕೋರ್ಸಿನ ಹೆಸರಿನಲ್ಲಿಲ್ಲ. ಪಠ್ಯಕ್ರಮದೊಳಗೆ ಏನಿದೆ, ಓದುವ ವರ್ಷಗಳಲ್ಲಿ ನೀವು ಎಷ್ಟು ಆಟಗಳನ್ನು ಪೂರ್ತಿ ಮಾಡಿ ಮುಗಿಸುತ್ತೀರಿ ಎಂಬುದರಲ್ಲಿದೆ.

ಹೆತ್ತವರಿಗೆ ಮೊದಲೇ ಒಂದು ಮಾತು. ಹಣ ಕಟ್ಟಿ ಆಡುವ ರಮ್ಮಿಯಂಥ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಇಲ್ಲಿ ಹೇಳುತ್ತಿರುವ ಓದಿಗೂ ಅದಕ್ಕೂ ಸಂಬಂಧವಿಲ್ಲ. ಇದು ಸಾಫ್ಟ್‌ವೇರ್ ಕೆಲಸದ್ದೇ ಒಂದು ಶಾಖೆ. ಸ್ಕಾಟ್ಲೆಂಡಿನ ಅಬರ್ಟೇ ವಿಶ್ವವಿದ್ಯಾಲಯ 1997ರಷ್ಟು ಹಿಂದೆಯೇ ಇದಕ್ಕೆ ಪದವಿ ಆರಂಭಿಸಿತ್ತು.

ಹಂತ 1: ಮೂರರಲ್ಲಿ ಯಾವುದು ನಿಮ್ಮದು?

ಗೇಮ್ ಕೆಲಸವೆಂದರೆ ಒಂದೇ ಕೆಲಸವಲ್ಲ. ಪ್ರೋಗ್ರಾಮಿಂಗ್ ಎಂದರೆ ಆಟ ನಡೆಯುವ ಕೋಡ್ ಬರೆಯುವುದು. ಡಿಸೈನ್ ಎಂದರೆ ಆಟದ ನಿಯಮ, ಮಟ್ಟ, ಕಷ್ಟ-ಸುಲಭಗಳನ್ನು ರೂಪಿಸುವುದು. ಆರ್ಟ್ ಎಂದರೆ ಪಾತ್ರ, ಹಿನ್ನೆಲೆ, ಅನಿಮೇಶನ್ ಬಿಡಿಸುವುದು. ಪದವಿಗಳೂ ಹೀಗೆಯೇ ಬೇರೆ ಬೇರೆ. ಚಿತ್ರ ಬಿಡಿಸುವ ಕೈ ಇರುವವರು ಕಂಪ್ಯೂಟರ್ ಸೈನ್ಸಿಗೆ ಸೇರಿ ಒದ್ದಾಡುವುದು, ಕೋಡ್ ಇಷ್ಟಪಡುವವರು 'ಗೇಮಿಂಗ್' ಎಂಬ ಹೆಸರು ನೋಡಿ ಅನಿಮೇಶನ್ ಕೋರ್ಸಿಗೆ ಸೇರುವುದು, ಇವೆರಡೂ ಸಾಮಾನ್ಯ. ಈ ಲೇಖನ ಪ್ರೋಗ್ರಾಮಿಂಗ್ ದಾರಿಯವರಿಗಾಗಿ.

ಖಚಿತವಿಲ್ಲದಿದ್ದರೆ ಶಾಲೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಕೇರಳದ ಸರಕಾರಿ, ಅನುದಾನಿತ ಪ್ರೌಢಶಾಲೆಗಳ ಲಿಟ್ಲ್ ಕೈಟ್ಸ್ ಘಟಕಗಳಲ್ಲಿ ಪ್ರೋಗ್ರಾಮಿಂಗ್ ಮತ್ತು ಅನಿಮೇಶನ್ ಎರಡನ್ನೂ ಕಲಿಸುತ್ತಾರೆ. ಎರಡರಲ್ಲಿ ಯಾವುದಕ್ಕೆ ಕುಳಿತರೆ ನಿಮಗೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲವೋ ಅದನ್ನು ಗಮನಿಸಿ.

ಹಂತ 2: ಪ್ಲಸ್ ಟುವಿನಲ್ಲಿ ಗಣಿತ ಬಿಡಬೇಡಿ

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ಇರುವ ವಿಜ್ಞಾನ ವಿಭಾಗ ಸಿಕ್ಕರೆ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ. ಬಯಾಲಜಿ ಇದ್ದರೂ ಅಡ್ಡಿಯಿಲ್ಲ, ಗಣಿತ ಇರಲೇಬೇಕು. ಕಾಮರ್ಸಿನಲ್ಲಿ ಕಂಪ್ಯೂಟರ್ ಅಪ್ಲಿಕೇಶನ್ ತೆಗೆದುಕೊಂಡವರಿಗೆ ಬಿಟೆಕ್ ದಾರಿ ಮುಚ್ಚುತ್ತದೆ. ಅವರು ಬಿಸಿಎ ಕಡೆ ನೋಡಬಹುದು. ಆದರೆ ಹನ್ನೊಂದು-ಹನ್ನೆರಡನೆಯ ತರಗತಿಯ ಗಣಿತವನ್ನು ತಾವಾಗಿಯೇ ಕಲಿತುಕೊಳ್ಳಬೇಕಾಗುತ್ತದೆ.

ಯಾವ ಗಣಿತ? ಸದಿಶ, ಮಾತೃಕೆ, ತ್ರಿಕೋನಮಿತಿ, ಸಂಭವನೀಯತೆ. ಸದಿಶ ಎಂದರೆ ಪರಿಮಾಣ ಮತ್ತು ದಿಕ್ಕು ಎರಡೂ ಇರುವ ರಾಶಿ, ಕಾಲೇಜಿನಲ್ಲಿ ಇದನ್ನೇ ವೆಕ್ಟರ್ ಎನ್ನುತ್ತಾರೆ. ಆಟದಲ್ಲಿ ಚಲಿಸುವ ಪ್ರತಿಯೊಂದಕ್ಕೂ ಅದು ಬೇಕು. ಮಾತೃಕೆ ಅಂದರೆ ಮ್ಯಾಟ್ರಿಕ್ಸ್. ವಸ್ತುವನ್ನು ತಿರುಗಿಸಲು, ಹಿಗ್ಗಿಸಲು, ಮೂರು ಆಯಾಮದ್ದನ್ನು ಪರದೆಗೆ ಇಳಿಸಲು ಬಳಕೆಯಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ಪದಗಳ ಎರಡು ರೂಪಗಳನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮೊದಲ ಸೆಮಿಸ್ಟರಿನ ಗೊಂದಲ ಬಹಳ ಕಡಿಮೆಯಾಗುತ್ತದೆ. ಗೊತ್ತಿರುವ ವಿಷಯವೇ ಹೊಸ ಹೆಸರಿನಲ್ಲಿ ಬಂದಾಗ 'ನನಗೆ ಇದು ಬರುವುದಿಲ್ಲ' ಎಂದುಕೊಳ್ಳುವವರು ತುಂಬ ಜನ.

ಹಂತ 3: ದಾರಿ ಮತ್ತು ಪ್ರವೇಶ ಪರೀಕ್ಷೆ

ನಮ್ಮ ಸಲಹೆ ನೇರವಾಗಿದೆ: ಮೊದಲ ಪದವಿ ಕಂಪ್ಯೂಟರ್ ಸೈನ್ಸಿನದ್ದಾಗಲಿ, ಗೇಮ್ ಅದರ ಮೇಲೆ ಕಟ್ಟುವ ವಿದ್ಯೆಯಾಗಲಿ. ಗೇಮ್ ಕಂಪೆನಿಗಳು ಕಡಿಮೆ ಇರುವ ಊರಿನವರಿಗೆ, ಸಾಲ ಮಾಡಿ ಓದಿಸುವ ಮನೆಯವರಿಗೆ ಇದು ಹೆಚ್ಚು ಭದ್ರ. ಗೇಮ್ ಕೆಲಸ ತಡವಾದರೆ ಬೇರೆ ಸಾಫ್ಟ್‌ವೇರ್ ಕೆಲಸಕ್ಕೂ ಆ ಪದವಿ ನಡೆಯುತ್ತದೆ.

ಕೇರಳದೊಳಗೆ ಬಿಟೆಕ್‌ಗೆ ಕೀಮ್ ಪರೀಕ್ಷೆ ಬರೆಯಬೇಕು. ಜಿಲ್ಲೆಯೊಳಗೇ, ಪೊವ್ವಲ್‌ನಲ್ಲಿ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ಪದವಿ ಎಪಿಜೆ ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯದ್ದು. ಬಿಸಿಎ ಅಥವಾ ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಆದರೆ ಕಣ್ಣೂರು ವಿಶ್ವವಿದ್ಯಾಲಯದ ಕಾಲೇಜುಗಳು. 2024ರಿಂದ ಅಲ್ಲಿ ನಾಲ್ಕು ವರ್ಷದ ಪದವಿ ಕ್ರಮ ಬಂದಿದ್ದು, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲೂ ಅವಕಾಶವಿದೆ. ಮುಖ್ಯ ವಿಷಯದ ಜೊತೆ ಮೈನರ್, ಅಂದರೆ ಉಪವಿಷಯ, ಆರಿಸುವಾಗ ಗಣಿತ ಸಿಗುತ್ತದೆಯೇ ನೋಡಿ.

ಕರ್ನಾಟಕದಲ್ಲಿ ಓದಬೇಕೆನ್ನುವವರು ಈ ಭಾಗವನ್ನು ಎರಡು ಸಲ ಓದಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳೂ, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳೂ ಅದರಲ್ಲಿ ಸೇರಿವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಆ ಪ್ರದೇಶದ ಶಾಲೆಗಳಲ್ಲೇ ಓದಿರಬೇಕು, ಜೊತೆಗೆ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು.

ಎಡವುವುದು ಎಲ್ಲಿ? ಅರ್ಜಿ ತುಂಬುವಾಗ ಗಡಿನಾಡ ಕನ್ನಡಿಗ ಎಂಬ ವಿಭಾಗ ಆರಿಸದೆ 'ಕರ್ನಾಟಕೇತರ' ಎಂದು ಗುರುತು ಮಾಡುವುದು ಒಂದು. ಸಿಇಟಿ ಚೆನ್ನಾಗಿ ಬರೆದು ಕನ್ನಡ ಪರೀಕ್ಷೆಗೆ ಹಾಜರಾಗದಿರುವುದು ಇನ್ನೊಂದು. ಅದರಲ್ಲಿ ತೇರ್ಗಡೆಯಾಗದೆ ಆ ವಿಭಾಗದ ಅರ್ಹತೆ ಸಿಗುವುದಿಲ್ಲ. ಮೂರನೆಯದು ದಾಖಲೆ. ವಾಸಸ್ಥಳ, ಮಾತೃಭಾಷೆ, ವ್ಯಾಸಂಗ ಪ್ರಮಾಣಪತ್ರಗಳನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಕೊಟ್ಟ ನಮೂನೆಯಲ್ಲೇ ಮಾಡಿಸಬೇಕು. ವಿಲೇಜ್ ಆಫೀಸಿನ ಮಲಯಾಳ ಪತ್ರ ಹಿಡಿದು ಬೆಂಗಳೂರಿಗೆ ಹೋಗಿ ವಾಪಸಾಗುವ ಪಾಡು ಯಾರಿಗೂ ಬೇಡ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವಾಗಲೇ ಇಂಗ್ಲಿಷ್ ಪ್ರತಿ ಬೇಕೆಂದು ಹೇಳಿ.

ಸುರತ್ಕಲ್‌ನ ಎನ್‌ಐಟಿಕೆ ಹತ್ತಿರವಿದೆ, ಅಲ್ಲಿ ನಮಗೆ ಸ್ಥಳೀಯ ಕೋಟಾ ಸಿಗುತ್ತದೆ ಎಂದು ಹಲವರು ನಂಬಿದ್ದಾರೆ. ಸಿಗುವುದಿಲ್ಲ. ಜೆಇಇ ಮೇನ್ ಮೂಲಕ ಎನ್‌ಐಟಿ ಸೇರುವವರ ತವರು ರಾಜ್ಯವನ್ನು ನಿರ್ಧರಿಸುವುದು ಹನ್ನೆರಡನೆಯ ತರಗತಿ ಪಾಸಾದ ರಾಜ್ಯ. ಪ್ಲಸ್ ಟುವನ್ನು ಕೇರಳದಲ್ಲಿ ಮುಗಿಸಿದವರಿಗೆ ಆ ಕೋಟಾ ಕಲ್ಲಿಕೋಟೆ ಎನ್‌ಐಟಿಯಲ್ಲಿ, ಸುರತ್ಕಲ್‌ನಲ್ಲಿ ಅವರು ಹೊರರಾಜ್ಯದವರು. ಮಂಗಳೂರಿನಲ್ಲಿ ಪಿಯುಸಿ ಮಾಡಿದವರಿಗೆ ಇದು ತಿರುಗುಮುರುಗು.

ಡಿಸೈನ್ ಕಡೆ ಒಲವಿದ್ದರೆ ಪದವಿಯ ನಂತರ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಎಂ.ಡೆಸ್, ಅಂದರೆ ವಿನ್ಯಾಸದ ಸ್ನಾತಕೋತ್ತರ ಪದವಿ, ಇದೆ. ಅದಕ್ಕೆ ಡಿಎಟಿ ಎಂಬ ಪ್ರತ್ಯೇಕ ಪ್ರವೇಶ ಪರೀಕ್ಷೆ.

ಹಂತ 4: ಗೇಮ್ ಹೆಸರಿನ ಖಾಸಗಿ ಕೋರ್ಸಿಗೆ ಹಣ ಕಟ್ಟುವ ಮೊದಲು

'ಬಿಎಸ್ಸಿ ಗೇಮಿಂಗ್' ಎಂಬ ಜಾಹೀರಾತು ನೋಡಿದಾಗ ಕೇಳಬೇಕಾದ ಮೊದಲ ಪ್ರಶ್ನೆ: ಪದವಿ ಕೊಡುವುದು ಯಾವ ವಿಶ್ವವಿದ್ಯಾಲಯ? ಅದು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಪಟ್ಟಿಯಲ್ಲಿರಬೇಕು. ಎಲ್ಲೋ ದೂರದ ವಿಶ್ವವಿದ್ಯಾಲಯದ ಹೆಸರಿನಲ್ಲಿ ಪೇಟೆಯ ಕಟ್ಟಡವೊಂದರಲ್ಲಿ ತರಗತಿ ನಡೆಯುತ್ತಿದ್ದರೆ ಎಚ್ಚರ. ಫ್ರಾಂಚೈಸಿ ಮಾದರಿಯಲ್ಲಿ ಪದವಿ ನಡೆಸಲು ಯುಜಿಸಿ ಒಪ್ಪುವುದಿಲ್ಲ. ಇಂಥ ಪ್ರಮಾಣಪತ್ರದಿಂದ ಮುಂದೆ ಸ್ನಾತಕೋತ್ತರ ಪ್ರವೇಶವೂ, ಬ್ಯಾಂಕಿನ ಶಿಕ್ಷಣ ಸಾಲವೂ ಕಷ್ಟ.

ಎರಡನೆಯದು, ಸೆಮಿಸ್ಟರ್‌ವಾರು ಪಠ್ಯಕ್ರಮ ಕೇಳಿ ತರಿಸಿಕೊಳ್ಳಿ. ಕೊಡದಿದ್ದರೆ ಅಲ್ಲಿಗೇ ಬಿಡಿ. ಕೊಟ್ಟರೆ ಅದರಲ್ಲಿ ಇವು ಇವೆಯೇ ಹುಡುಕಿ: ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಜೋಡಿಸಿಡುವ ಕ್ರಮಗಳು), ಲೀನಿಯರ್ ಆಲ್ಜಿಬ್ರಾ (ಸದಿಶ-ಮಾತೃಕೆಗಳ ಗಣಿತ), ಕಂಪ್ಯೂಟರ್ ಗ್ರಾಫಿಕ್ಸ್, ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್, ಮತ್ತು ಸಿ ಪ್ಲಸ್ ಪ್ಲಸ್ ಅಥವಾ ಸಿ ಶಾರ್ಪ್‌ನಂಥ ಒಂದು ಭಾಷೆ ಕನಿಷ್ಠ ಎರಡು ಸೆಮಿಸ್ಟರ್. ಪಠ್ಯಕ್ರಮದ ತುಂಬ ಬರೇ ಸಾಫ್ಟ್‌ವೇರ್‌ಗಳ ಹೆಸರಿದ್ದರೆ ಅದು ತರಬೇತಿ ಶಿಬಿರ. ಸಾಫ್ಟ್‌ವೇರ್‌ಗಳ ಗತಿ ಒಂದೇ ಘೋಷಣೆಯಿಂದ ಬದಲಾಗಬಹುದು. ಆಟ ಕಟ್ಟುವ ಸಿದ್ಧ ಚೌಕಟ್ಟಿಗೆ ಗೇಮ್ ಎಂಜಿನ್ ಎನ್ನುತ್ತಾರೆ. ಯೂನಿಟಿ ಎಂಜಿನ್ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕ ವಿಧಿಸುವುದಾಗಿ 2023ರ ಸೆಪ್ಟೆಂಬರಿನಲ್ಲಿ ಘೋಷಿಸಿತು, ಒಂದು ವರ್ಷದ ನಂತರ ಆ ಯೋಜನೆಯನ್ನು ಕೈಬಿಟ್ಟಿತು. ಅಷ್ಟರೊಳಗೆ ಎಷ್ಟೋ ಡೆವಲಪರ್‌ಗಳು ಗೊಡಾಟ್‌ನಂಥ ಬೇರೆ ಎಂಜಿನ್‌ಗಳಿಗೆ ಸರಿದಿದ್ದರು. ಸರಿಯಲು ಸಾಧ್ಯವಾದದ್ದು ಬುನಾದಿ ಗಟ್ಟಿ ಇದ್ದವರಿಗೆ.

ಹಂತ 5: ಕಂಪ್ಯೂಟರ್

ಮೊದಲ ವರ್ಷಕ್ಕೆ ದುಬಾರಿ ಲ್ಯಾಪ್‌ಟಾಪ್ ಬೇಡ. 8 ಜಿಬಿ ರ‍್ಯಾಮ್ ಇರುವ ಹಳೆಯದೊಂದು ಸಾಕು. ಗೊಡಾಟ್ ಉಚಿತ, ಮುಕ್ತ ತಂತ್ರಾಂಶ, ಇಳಿಸಿಕೊಳ್ಳುವ ಗಾತ್ರವೂ ಚಿಕ್ಕದು. ಶಾಲೆಯ ಕೈಟ್ ಲಿನಕ್ಸ್ ರೂಢಿಯಾದವರು ಅದರಲ್ಲೇ ಮುಂದುವರಿಯಬಹುದು. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್ (ಪರದೆಗೆ ಚಿತ್ರ ಬಿಡಿಸುವ ಭಾಗ) ಎಂಬಲ್ಲಿ 'ಕಂಪ್ಯಾಟಿಬಿಲಿಟಿ' ಆರಿಸಿ. ಇಲ್ಲವಾದರೆ ಪರದೆ ಖಾಲಿ ಬರಬಹುದು ಅಥವಾ ತುಂಬ ನಿಧಾನವಾಗಬಹುದು.

ಹೊಸದು ಕೊಳ್ಳುವಾಗ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ನೋಡಿ. ರ‍್ಯಾಮ್ ಹೆಚ್ಚಿಸಲು ಖಾಲಿ ಸ್ಲಾಟ್ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ. ಬೋರ್ಡಿಗೆ ಬೆಸೆದುಬಿಟ್ಟ ರ‍್ಯಾಮ್ ಆದರೆ ಮುಂದೆ ಏನೂ ಮಾಡಲಾಗದು. ಅನ್‌ರಿಯಲ್ ಎಂಜಿನ್‌ಗೆ 32 ಜಿಬಿ ಇದ್ದರೆ ಚೆನ್ನ. ಅದು ಹತ್ತಾರು ಜಿಬಿ ಡೌನ್‌ಲೋಡ್ ಕೂಡ, ಆದ್ದರಿಂದ ಕಾಲೇಜಿನ ಲ್ಯಾಬ್‌ಗೆ ಬಿಟ್ಟುಬಿಡಿ.

ಹಂತ 6: ಸೇರುವ ಮೊದಲೇ ಒಂದು ಆಟ ಮುಗಿಸಿ, ಚೆನ್ನೆಮಣೆ

ಪರೀಕ್ಷೆ ಮುಗಿದು ಪ್ರವೇಶಕ್ಕೆ ಕಾಯುವ ಎರಡು ತಿಂಗಳಲ್ಲಿ ಇದನ್ನು ಮಾಡಿ. ಹೆಚ್ಚಿನವರು ಆರಂಭಿಸುವುದು ದೊಡ್ಡ ಮೂರು ಆಯಾಮದ ಯುದ್ಧದ ಆಟದಿಂದ, ಅದು ಮುಗಿಯುವುದೇ ಇಲ್ಲ. ಚೆನ್ನೆಮಣೆ ಮೊದಲ ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಿಯಮ ಸ್ಪಷ್ಟ, ಚಿತ್ರ ಸರಳ, ಆಡಿ ನೋಡಿ ತಪ್ಪು ಹೇಳುವವರು ಮನೆಯಲ್ಲೇ ಇದ್ದಾರೆ.

ಮೊದಲು ಕಾಗದ. ಚೆನ್ನೆಯಲ್ಲಿ ಆಟದ ಬಗೆಗಳು ಹಲವು, ಮನೆಯಿಂದ ಮನೆಗೆ ವ್ಯತ್ಯಾಸವೂ ಇದೆ. ನಿಮ್ಮ ಅಜ್ಜಿಯೋ ದೊಡ್ಡಮ್ಮನೋ ಆಡುವ ಒಂದು ಬಗೆಯನ್ನು ಕೇಳಿ, ಪ್ರತಿ ಸಂದರ್ಭಕ್ಕೂ ಏನಾಗುತ್ತದೆ ಎಂದು ಬರೆದುಕೊಳ್ಳಿ. ಕೊನೆಯ ಕಾಯಿ ಬಿದ್ದ ಮೇಲೆ ಮುಂದಿನ ಗುಳಿ ಖಾಲಿ ಇದ್ದರೆ? ಸತತ ಎರಡು ಖಾಲಿ ಇದ್ದರೆ? ಒಬ್ಬರ ಸಾಲಿನಲ್ಲಿ ಕಾಯಿಯೇ ಇಲ್ಲದಿದ್ದರೆ? ಕಾಗದದ ಮೇಲೆ ಉತ್ತರ ಇಲ್ಲದ ಪ್ರಶ್ನೆ ಕೋಡಿನಲ್ಲಿ ದೋಷವಾಗಿ ಕಾಣಿಸಿಕೊಳ್ಳುತ್ತದೆ.

ಆಮೇಲೆ ಚಿತ್ರವಿಲ್ಲದೆ, ಬರೇ ಸಂಖ್ಯೆಗಳಲ್ಲಿ ಆಟ ನಡೆಯಲಿ. 14 ಗುಳಿಗಳಿಗೆ 14 ಮನೆಗಳ ಒಂದು ಅರೇ, ಅಂದರೆ ಸಾಲಾಗಿ ಜೋಡಿಸಿದ ಸಂಖ್ಯೆಗಳ ಪಟ್ಟಿ. ಪ್ರತಿ ಮನೆಯಲ್ಲಿ 4. ಅರೇಯ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಆದ್ದರಿಂದ ಕೊನೆಯ ಮನೆ 13. ಅಲ್ಲಿಂದ ಒಂದು ಮುಂದೆ ಹೋದರೆ 14 ಎಂಬ ಮನೆಯೇ ಇಲ್ಲ, ಪ್ರೋಗ್ರಾಂ ನಿಂತುಬಿಡುತ್ತದೆ. ಹೊಸಬರ ಮೊದಲ ದೋಷ ಇದೇ. ಒಂದು ಕೂಡಿಸಿ 14ರಿಂದ ಭಾಗಿಸಿದಾಗ ಬರುವ ಶೇಷವನ್ನು ಮನೆಯ ಸಂಖ್ಯೆಯಾಗಿ ಬಳಸಿ. 13ರ ನಂತರ ತಾನಾಗಿ 0 ಬರುತ್ತದೆ.

ಒಟ್ಟು ಕಾಯಿ 56. ಪ್ರತಿ ನಡೆಯ ನಂತರ ಗುಳಿಗಳಲ್ಲಿರುವುದನ್ನೂ ಇಬ್ಬರು ಗೆದ್ದುಕೊಂಡದ್ದನ್ನೂ ಕೂಡಿಸಿ 56 ಆಗುತ್ತದೆಯೇ ಎಂದು ಕೋಡ್‌ನಲ್ಲೇ ಪರೀಕ್ಷೆ ಬರೆಯಿರಿ. 55 ಅಥವಾ 57 ಬಂದ ಕ್ಷಣಕ್ಕೆ ಆಟ ನಿಲ್ಲಲಿ. ಯಾವ ನಡೆಯಲ್ಲಿ ತಪ್ಪಾಯಿತು ಎಂಬುದು ಆಗಲೇ ಸಿಕ್ಕಿಬೀಳುತ್ತದೆ. ಇಂಥ ಪರೀಕ್ಷೆಗೆ ಅಸರ್ಟ್ ಎನ್ನುತ್ತಾರೆ. ಇದನ್ನು ರೂಢಿ ಮಾಡಿಕೊಂಡ ವಿದ್ಯಾರ್ಥಿಗೂ ಮಾಡಿಕೊಳ್ಳದವನಿಗೂ ಎರಡನೆಯ ವರ್ಷದಲ್ಲಿ ಅಜಗಜಾಂತರ ಕಾಣುತ್ತದೆ.

ಸಂಖ್ಯೆಗಳು ಸರಿಯಾದ ಮೇಲೆ ಚಿತ್ರ. ಇಲ್ಲಿ ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗವೊಂದಿದೆ. ಕಾಯಿಗಳು ಒಂದೊಂದಾಗಿ ಬೀಳುವುದು ಕಾಣಬೇಕು, ಆದರೆ ಪರದೆಯಲ್ಲಿ ಎಲ್ಲವೂ ಒಟ್ಟಿಗೆ ಬಿದ್ದುಬಿಡುತ್ತವೆ. ಕಾರಣ: ನಿಮ್ಮ ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್, ಪೂರ್ತಿ ಓಡಿದ ನಂತರವೇ ಎಂಜಿನ್ ಮುಂದಿನ ಚಿತ್ರ ಬಿಡಿಸುತ್ತದೆ. ನಡುವೆ 'ಸ್ವಲ್ಪ ಹೊತ್ತು ತಡೆ' ಎಂಬ ಆಜ್ಞೆ ಹಾಕಿ ನಿಲ್ಲಿಸಲು ಹೋದರೆ ಇಡೀ ಆಟವೇ ಹೆಪ್ಪುಗಟ್ಟುತ್ತದೆ. ಸರಿಯಾದ ಕ್ರಮ ಟೈಮರ್ ಬಳಸುವುದು. ಸುಮಾರು ಕಾಲು ಸೆಕೆಂಡಿಗೊಮ್ಮೆ ಒಂದು ಕಾಯಿ ಹಾಕಿ, ಉಳಿದ ಹೊತ್ತು ಎಂಜಿನ್‌ಗೆ ಬಿಟ್ಟುಕೊಡಿ. ಕಾಯಿ ಬೀಳುತ್ತಿರುವಾಗ ಆಟಗಾರ ಇನ್ನೊಂದು ಗುಳಿ ಒತ್ತದ ಹಾಗೆ ತಡೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ 56ರ ಪರೀಕ್ಷೆ ತಪ್ಪುತ್ತದೆ.

ಕೊನೆಗೆ ಕಂಪ್ಯೂಟರ್ ಎದುರಾಳಿ. ಮೊದಲು ಯಾವುದೋ ಒಂದು ಗುಳಿ ಆರಿಸುವಂತೆ ಮಾಡಿ. ನಂತರ ಆ ನಡೆಯಲ್ಲಿ ಹೆಚ್ಚು ಕಾಯಿ ಸಿಗುವ ಗುಳಿ ಆರಿಸಲಿ. ಆಮೇಲೆ ಮಿನಿಮ್ಯಾಕ್ಸ್: ನಾನು ಹೀಗೆ ಆಡಿದರೆ ಎದುರಾಳಿ ಅತ್ಯುತ್ತಮವಾಗಿ ಏನು ಆಡಬಹುದು ಎಂದು ಕೆಲವು ನಡೆ ಮುಂದಕ್ಕೆ ಲೆಕ್ಕ ಹಾಕುವ ಕ್ರಮ. ಒಮ್ಮೆಗೆ ಹೆಚ್ಚೆಂದರೆ 7 ಆಯ್ಕೆ, ಆದ್ದರಿಂದ 4 ನಡೆ ಮುಂದೆ ನೋಡಲು 2,401 ಸಾಧ್ಯತೆ, 6 ನಡೆಗೆ 1,17,649. ಆಳ ಹೆಚ್ಚಿದಂತೆ ಕೆಲಸ ಎಷ್ಟು ವೇಗವಾಗಿ ಬೆಳೆಯುತ್ತದೆಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಹಂತ 7: ಕನ್ನಡ ಅಕ್ಷರ ಒಡೆಯದಿರಲಿ

ನಿಮ್ಮ ಆಟದಲ್ಲಿ ಕನ್ನಡವಿರಲಿ ಎಂದು ನಾವು ಮನಸಾರೆ ಬಯಸುತ್ತೇವೆ. ಅದಕ್ಕೆ ತಾಂತ್ರಿಕ ತಯಾರಿ ಬೇಕು. 'ಸ್ತ್ರೀ' ಎಂಬುದು ಓದುವವರಿಗೆ ಒಂದು ಅಕ್ಷರ, ಕಂಪ್ಯೂಟರಿಗೆ ಆರು ಯೂನಿಕೋಡ್ ಸಂಕೇತಗಳು: ಸ, ವಿರಾಮ ಚಿಹ್ನೆ, ತ, ಮತ್ತೆ ವಿರಾಮ ಚಿಹ್ನೆ, ರ, ಈಕಾರ. ಇವನ್ನು ಸೇರಿಸಿ ಒತ್ತಕ್ಷರವಾಗಿ ಕೂರಿಸುವ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಗೊಡಾಟ್ 4ರಲ್ಲಿ ಅದು ಅಂತರ್ಗತವಾಗಿದೆ. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊ ಇದನ್ನು ಮಾಡುವುದಿಲ್ಲ, ಒತ್ತುಗಳು ಬಿಡಿ ಬಿಡಿಯಾಗಿ ಪಕ್ಕದಲ್ಲಿ ನಿಲ್ಲುತ್ತವೆ.

ನುಡಿ, ಬರಹದ ಹಳೆಯ ಯೂನಿಕೋಡೇತರ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಆಟದೊಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟನ್ನು ಆಟದ ಜೊತೆಗೇ ಸೇರಿಸಿ, ಆಡುವವರ ಫೋನಿನ ಫಾಂಟನ್ನು ನಂಬಬೇಡಿ. ಸಂಭಾಷಣೆ ಅಕ್ಷರ ಅಕ್ಷರವಾಗಿ ಮೂಡುವಂತೆ ಮಾಡುವಾಗ ಸಂಕೇತಕ್ಕೊಂದರಂತೆ ತೋರಿಸಿದರೆ ಅರ್ಧ ಅಕ್ಷರಗಳು ಮಿನುಗುತ್ತವೆ. ಪೂರ್ಣಾಕ್ಷರ ಲೆಕ್ಕದಲ್ಲಿ ತೋರಿಸಿ. ಪರದೆಯ ಗುಂಡಿಯ (ಬಟನ್) ಎತ್ತರ ಇಂಗ್ಲಿಷಿಗಿಂತ ಹೆಚ್ಚಿರಲಿ, ಇಲ್ಲವಾದರೆ ಒತ್ತಿನ ತಳ ಕತ್ತರಿಸಿಹೋಗುತ್ತದೆ.

ಹಂತ 8: ಸೆಮಿಸ್ಟರ್‌ಗಳ ನಡುವೆ

ಮೊದಲ ವರ್ಷ ಎರಡು ಆಯಾಮದ ಸಣ್ಣ ಆಟಗಳು, ಎರಡನೆಯ ವರ್ಷ ಡೇಟಾ ಸ್ಟ್ರಕ್ಚರ್ ಕಲಿಯುವಾಗ ದಾರಿ ಹುಡುಕುವ ಎ ಸ್ಟಾರ್ ವಿಧಾನ, ಮೂರನೆಯ ವರ್ಷ ಗ್ರಾಫಿಕ್ಸ್ ಮತ್ತು ನೆಟ್‌ವರ್ಕ್. ಪ್ರತಿ ಸೆಮಿಸ್ಟರಿಗೆ ಒಂದು ಮುಗಿಸಿದ ಆಟ. ಮುಗಿದದ್ದು ಎಂದರೆ ಆರಂಭದ ಪರದೆ, ಆಟ, ಸೋಲು-ಗೆಲುವು, ಮತ್ತೆ ಆರಂಭ, ಶಬ್ದ ನಿಲ್ಲಿಸುವ ಗುಂಡಿ ಎಲ್ಲವೂ ಇರುವುದು.

ಪದೇ ಪದೇ ಬರುವ ಮೂರು ತಪ್ಪುಗಳನ್ನು ಹೇಳಲೇಬೇಕು. ಪ್ರತಿ ಫ್ರೇಮಿಗೆ, ಅಂದರೆ ಬಿಡಿಸುವ ಪ್ರತಿ ಚಿತ್ರಕ್ಕೆ, ಪಾತ್ರವನ್ನು 5 ಪಿಕ್ಸೆಲ್ ಸರಿಸಿದರೆ ಸೆಕೆಂಡಿಗೆ 60 ಫ್ರೇಮ್ ಬರುವ ಲ್ಯಾಪ್‌ಟಾಪಿನಲ್ಲಿ ಅದು 300 ಪಿಕ್ಸೆಲ್ ಓಡುತ್ತದೆ, 30 ಬರುವ ಫೋನಿನಲ್ಲಿ 150 ಮಾತ್ರ. ವೇಗವನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆದು ಡೆಲ್ಟಾದಿಂದ, ಅಂದರೆ ಹಿಂದಿನ ಫ್ರೇಮಿನಿಂದ ಕಳೆದ ಸಮಯದಿಂದ, ಗುಣಿಸಿ. ಎರಡನೆಯದು, ಬಲ ಮತ್ತು ಮೇಲಿನ ಕೀಲಿ ಒಟ್ಟಿಗೆ ಒತ್ತಿದಾಗ ಪಾತ್ರ 1.41 ಪಟ್ಟು ವೇಗವಾಗಿ ಓಡುತ್ತದೆ. ಪೈಥಾಗೊರಸ್ ಪ್ರಮೇಯವೇ ಕಾರಣ. ದಿಕ್ಕಿನ ಸದಿಶದ ಉದ್ದವನ್ನು 1ಕ್ಕೆ ಇಳಿಸಿ ಆಮೇಲೆ ವೇಗದಿಂದ ಗುಣಿಸಬೇಕು. ಮೂರನೆಯದು ಕಡತದ ಹೆಸರು. ವಿಂಡೋಸ್‌ನಲ್ಲಿ ಇಂಗ್ಲಿಷಿನ ದೊಡ್ಡ-ಚಿಕ್ಕ ಅಕ್ಷರ ಒಂದೇ, ಆಂಡ್ರಾಯ್ಡ್ ಮತ್ತು ಲಿನಕ್ಸಿನಲ್ಲಿ ಬೇರೆ. ಮನೆಯಲ್ಲಿ ಓಡಿದ ಆಟ ಪ್ರದರ್ಶನದ ದಿನ ಚಿತ್ರ ಸಿಗದೆ ನಿಲ್ಲುವುದು ಇದರಿಂದ. ಎಲ್ಲ ಹೆಸರುಗಳನ್ನೂ ಚಿಕ್ಕ ಅಕ್ಷರದಲ್ಲೇ ಇಡಿ.

ಮೊದಲ ದಿನದಿಂದಲೇ ಗಿಟ್ ಬಳಸಿ. ಕೋಡಿನ ಪ್ರತಿ ಹಂತವನ್ನು ದಾಖಲಿಸಿ, ಹಿಂದಿನ ಸ್ಥಿತಿಗೆ ಮರಳಲು ಬಿಡುವ ಸಾಧನ ಅದು. ಕೆಲಸ ಮಾಡಿದ ದಿನವೆಲ್ಲ ಗಿಟ್‌ಹಬ್ ಎಂಬ ಕೋಡ್ ಇಡುವ ಜಾಲತಾಣಕ್ಕೆ ಏರಿಸಿ. ಸಿಡಿಲು ಹೊಡೆದು ಲ್ಯಾಪ್‌ಟಾಪ್ ಹೋದರೂ ಪ್ರಾಜೆಕ್ಟ್ ಉಳಿಯುತ್ತದೆ. 100 ಎಂಬಿಗಿಂತ ದೊಡ್ಡ ಕಡತವನ್ನು ಗಿಟ್‌ಹಬ್ ತಿರಸ್ಕರಿಸುತ್ತದೆ. ಎಂಜಿನ್ ತಾನೇ ಸೃಷ್ಟಿಸುವ ಫೋಲ್ಡರ್‌ಗಳನ್ನು ಏರಿಸಬಾರದು. ಯೂನಿಟಿಯಲ್ಲಿ ಅದು 'ಲೈಬ್ರರಿ', ಗೊಡಾಟ್ 4ರಲ್ಲಿ ಚುಕ್ಕಿಯಿಂದ ಆರಂಭವಾಗುವ 'ಗೊಡಾಟ್' ಫೋಲ್ಡರ್.

ಜನವರಿಯಲ್ಲಿ ಗ್ಲೋಬಲ್ ಗೇಮ್ ಜಾಮ್ ನಡೆಯುತ್ತದೆ. ಕೊಟ್ಟ ವಿಷಯದ ಮೇಲೆ ಒಂದು ವಾರಾಂತ್ಯದಲ್ಲಿ ಆಟ ಕಟ್ಟುವ ಕೂಟ, 2009ರಿಂದ ಇದೆ. ಗುಂಪಿನಲ್ಲಿ ಕೆಲಸ ಮಾಡಲು ಅದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲ.

ಹಂತ 9: ಪ್ರಕಟಣೆ ಮತ್ತು ಇಂಟರ್ನ್‌ಶಿಪ್

ಇಚ್ ಡಾಟ್ ಐಓ ಎಂಬ ಜಾಲತಾಣದಲ್ಲಿ ಉಚಿತವಾಗಿ ಆಟ ಪ್ರಕಟಿಸಬಹುದು, ಬ್ರೌಸರಿನಲ್ಲೇ ಆಡುವಂತೆಯೂ ಮಾಡಬಹುದು. ಮೊದಲ ಆಟಗಳೆಲ್ಲ ಅಲ್ಲಿ ಇರಲಿ. ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಮಂದಿ ಸತತ 14 ದಿನ ಪರೀಕ್ಷಕರಾಗಿ ಇರಬೇಕೆಂಬ ನಿಯಮವೂ ಇದೆ. ಸಹಪಾಠಿಗಳನ್ನು ಮೊದಲೇ ಒಪ್ಪಿಸಿಡಿ, ನಡುವೆ ಬಿಟ್ಟುಹೋಗುವವರಿರುತ್ತಾರೆ, ಆದ್ದರಿಂದ ಹದಿನೈದು-ಹದಿನಾರು ಜನ ಬೇಕು. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಪ್ರತಿ ಆಟಕ್ಕೆ 100 ಡಾಲರ್. ಅದು ಕೊನೆಯ ವರ್ಷದ ಮಾತು.

ಇಂಟರ್ನ್‌ಶಿಪ್‌ಗೆ ಬೆಂಗಳೂರು, ಹೈದರಾಬಾದ್, ಪುಣೆಯ ಸ್ಟುಡಿಯೋಗಳನ್ನು ನೋಡಬೇಕು. ಅರ್ಜಿಯ ಜೊತೆ ಮೂರು ಕೊಂಡಿ ಸಾಕು: ಆಡಬಹುದಾದ ಒಂದು ಆಟ, ಅದರ ಕೋಡ್, ಒಂದು ನಿಮಿಷ ಮೀರದ ವೀಡಿಯೊ. ಗುಂಪಿನಲ್ಲಿ ಮಾಡಿದ ಆಟವಾದರೆ ನೀವು ಬರೆದ ಭಾಗ ಯಾವುದೆಂದು ಒಂದೆರಡು ಸಾಲಿನಲ್ಲಿ ಸ್ಪಷ್ಟವಾಗಿ ಹೇಳಿ. ಸಂದರ್ಶನದಲ್ಲಿ ಕೇಳುವುದು ಆ ಭಾಗದ ಬಗ್ಗೆಯೇ: ಏಕೆ ಹೀಗೆ ಬರೆದಿರಿ, ಫ್ರೇಮ್ ಎಲ್ಲಿ ತಡವಾಗುತ್ತಿತ್ತು, ಏನು ಬದಲಿಸಿದಿರಿ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದು ಫ್ರೇಮಿಗೆ ಸಿಗುವುದು ಸುಮಾರು 16.6 ಮಿಲಿಸೆಕೆಂಡ್. ಎಂಜಿನ್‌ನಲ್ಲೇ ಇರುವ ಪ್ರೊಫೈಲರ್ ಎಂಬ ಅಳತೆ ಸಾಧನ ತೆರೆದು ಆ ಸಮಯ ಎಲ್ಲೆಲ್ಲಿ ಖರ್ಚಾಗುತ್ತಿದೆ ಎಂದು ನೋಡಿ, ಬದಲಾವಣೆಗೆ ಮುಂಚಿನ ಮತ್ತು ನಂತರದ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ವಿವರಿಸಲು ಅಳುಕಿರುವವರು ಆ ಅಂಕಿಗಳನ್ನೂ ಪ್ರೊಫೈಲರಿನ ಚಿತ್ರವನ್ನೂ ಮುಂದಿಟ್ಟು ಮಾತು ಆರಂಭಿಸಿ.